ನಾಲ್ಕನೇ ಕೀಮೋ ಆದ ಮೇಲೆ, ವರದಿ ಬರುವ ತನಕ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಆಕೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತರು. ಮಾತು ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಎತ್ತಿ ನೋಡಿದರು. ಮತ್ತೆ ಬೋರಲು ಹಾಕಿದರು. "ಸ್ಕ್ಯಾನ್ ಇರೋದೇ ಇನ್ನು ಹತ್ತು ದಿನಕ್ಕೆ ಮೇಡಂ. ಆಸ್ಪತ್ರೆ ಆಪ್‌ನಲ್ಲಿ ಏನೂ ಬಂದಿರಲ್ಲ ಅಂತ ಗೊತ್ತು. ಆದ್ರೂ ಕೈ ಅಲ್ಲಿಗೇ ಹೋಗುತ್ತೆ."

ವಯಸ್ಸು 46. ಲೆಕ್ಕಪತ್ರ ನೋಡುವ ಕೆಲಸ. ಮನೆಯಲ್ಲಿ ಗಂಡ, 17 ವರ್ಷದ ಮಗ. ಎದೆಯೊಳಗಿನ ದುಗ್ಧರಸ ಗ್ರಂಥಿಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಅನ್ನುವ ಬಗೆ. ಆರ್-ಚಾಪ್ ಎಂಬ ಐದು ಔಷಧಿಗಳ ಕೀಮೋ, 21 ದಿನಕ್ಕೊಮ್ಮೆ, ಒಟ್ಟು ಆರು ಸಲ. ನಾಲ್ಕು ಮುಗಿದಿತ್ತು. ಔಷಧಿ ಕೆಲಸ ಮಾಡ್ತಿದೆಯಾ ಅಂತ ನೋಡಲು ನಡುವೆ ಒಂದು ಪೆಟ್ ಸ್ಕ್ಯಾನ್, ಅಂದರೆ ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವಂಥ ಚಿತ್ರ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆ ಇದನ್ನು ಓದಿ ಒಪ್ಪಿದ್ದಾರೆ, ಎರಡು ಕಡೆ ನನ್ನನ್ನು ತಿದ್ದಿಯೂ ಇದ್ದಾರೆ.

ನಾನು ಮೊದಲು ಒಂದು ಅಂಕಿ ಕೇಳುತ್ತೇನೆ. ಹೋದ ಒಂದು ವಾರದ ಸಂಕಟ ಸೊನ್ನೆಯಿಂದ 10ರೊಳಗೆ ಎಷ್ಟು? ಕ್ಯಾನ್ಸರ್ ರೋಗಿಗಳಿಗೆ ಇದನ್ನು ಥರ್ಮಾಮೀಟರಿನ ಚಿತ್ರ ತೋರಿಸಿ ಕೇಳುವ ರೂಢಿ. ನಾಲ್ಕೋ ಅದಕ್ಕಿಂತ ಜಾಸ್ತಿಯೋ ಬಂದರೆ ಸುಮ್ಮನೆ ಬಿಡಬಾರದು. ಆಕೆ ಎಂಟು ಅಂದರು. ಆಮೇಲೆ, "ಯಾರ ಹತ್ರಾನೂ ಎಂಟು ಅಂತ ಹೇಳೋ ಹಾಗಿಲ್ಲ" ಅಂದರು. ನೆಂಟರು ಫೋನ್ ಮಾಡಿದಾಗಲೆಲ್ಲ ಧೈರ್ಯವಾಗಿದ್ದರೆ ಗೆಲ್ತೀಯ ಅನ್ನುತ್ತಿದ್ದರಂತೆ. ಹಾಗಾಗಿ ಹೆದರಿದರೆ ಸ್ಕ್ಯಾನ್ ಕೆಡುತ್ತದೆ ಅನ್ನುವ ಇನ್ನೊಂದು ಹೆದರಿಕೆಯೂ ಸೇರಿಕೊಂಡಿತ್ತು.

ಬೇರೆ ಪ್ರಶ್ನೆಗಳನ್ನೂ ನೇರವಾಗಿ ಕೇಳಿದೆ. ಸಾಯಬೇಕು ಅನ್ನಿಸುತ್ತದೆಯೇ? ಚಿಕಿತ್ಸೆ ಬಿಡುವ ಯೋಚನೆ ಇದೆಯೇ? ಇಲ್ಲ ಅಂದರು. ಇದೆ ಅಂದಿದ್ದರೆ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು, ಮನೋವೈದ್ಯರನ್ನು ಅವತ್ತೇ ಕರೆಯುತ್ತಿದ್ದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ತಗೊಳ್ಳಿ, ಎದೆಯ ಮೇಲೆ ಗಮನ ಇಡಿ ಅಂದೆ. ಅರ್ಧ ನಿಮಿಷಕ್ಕೇ ಕಣ್ಣು ಬಿಟ್ಟರು. "ಅಲ್ಲೇ ಅಲ್ವಾ ಮೇಡಂ ಗಡ್ಡೆ ಇರೋದು?" ನನಗೆ ನಾಚಿಕೆಯಾಯಿತು. ಎಲ್ಲರಿಗೂ ಒಂದೇ ಪಾಠ ಒಪ್ಪಿಸುವ ಚಟ ನಮ್ಮ ಕೆಲಸದಲ್ಲೂ ಇದೆ. ಉಸಿರಾಟ ಬಿಟ್ಟು ಅಂಗಾಲಿಗೆ ಬಂದೆವು. ಪಾದ ನೆಲಕ್ಕೆ ಒತ್ತೋದು, ನೆಲ ತಣ್ಣಗಿದೆಯಾ ಬೆಚ್ಚಗಿದೆಯಾ ನೋಡೋದು, ಅಷ್ಟೇ. ಅದು ಅವರಿಗೆ ಒಗ್ಗಿತು.

ಒಂದು ಹಾಳೆಯಲ್ಲಿ 21 ಚೌಕ ಎಳೆದೆ. ಕೀಮೋ ಹಾಕಿದ ದಿನ ಒಂದು. ಪ್ರತಿ ಚೌಕದಲ್ಲೂ ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು ಬರೆಯಿರಿ ಅಂದೆ. ಲೆಕ್ಕದವರಲ್ವಾ, ಹಿಂದಿನ ಮೂರು ಸುತ್ತಿನದ್ದೂ ಡೈರಿ ನೋಡಿಕೊಂಡು ತುಂಬಿ ತಂದರು. ಮೂರರಲ್ಲೂ ಒಂದೇ ಚಿತ್ರ. ಮೊದಲ ಐದು ದಿನ ರಾತ್ರಿ ಎರಡು ಗಂಟೆಗೆ ಎದ್ದು ಕಪಾಟು ಜೋಡಿಸೋದು, ಮಗನ ಮೇಲೆ ರೇಗೋದು. ಆರನೇ ದಿನ, ಏಳನೇ ದಿನ ಹಾಸಿಗೆಯಿಂದ ಏಳಲೂ ಆಗದ ಹಾಗೆ ಅಳು. ಹತ್ತರ ಸುಮಾರಿಗೆ ಸ್ವಲ್ಪ ಹಗುರ.

ಆರ್-ಚಾಪ್‌ನಲ್ಲಿ ಪ್ರತಿ ಸುತ್ತಿನ ಮೊದಲ ಐದು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇರುತ್ತದೆ. ಅದು ನಿದ್ದೆ ಓಡಿಸುತ್ತದೆ, ಸಿಟ್ಟು ಬರಿಸುತ್ತದೆ. ನಿಲ್ಲಿಸಿದ ಕೂಡಲೇ ಕೆಲವರು ಹೀಗೆ ಕುಸಿಯುತ್ತಾರೆ. ಆಕೆ ಇಷ್ಟು ದಿನ ಇದನ್ನು ತನ್ನ ಮನಸ್ಸಿನ ದೌರ್ಬಲ್ಯ ಅಂದುಕೊಂಡಿದ್ದರು. ಹಾಳೆಯನ್ನು ಬಹಳ ಹೊತ್ತು ನೋಡಿ, "ಅಂದ್ರೆ ಆರನೇ ದಿನ ಅಳೋಳು ನಾನಲ್ಲ, ಮಾತ್ರೆ" ಅಂದರು. ಪೂರ್ತಿ ಹಾಗಲ್ಲ, ಆದರೆ ಅರ್ಧಕ್ಕರ್ಧ ಹಾಗೇ. ಮಾತ್ರೆಯನ್ನು ಬೆಳಗ್ಗೆಯೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಲು ಹೇಳಿದೆ. ತಾವಾಗಿ ಬಿಡಬಾರದು ಅಂತಲೂ ಹೇಳಿದೆ. ಮುಖ್ಯವಾದ ಮಾತು, ತೀರ್ಮಾನ ಏನಿದ್ದರೂ ಹತ್ತನೇ ದಿನದ ನಂತರ ಇಟ್ಟುಕೊಳ್ಳಿ ಅಂದೆ.

ಡೈರಿಯಲ್ಲಿ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಮೂರನೇ ಸುತ್ತಿನ 11ನೇ ದಿನ: "ಚಳಿ. ಹೇಳಲಿಲ್ಲ." ಜ್ವರ ಅಂದರೆ ಆಸ್ಪತ್ರೆಗೆ ಸೇರಿಸುತ್ತಾರೆ, ಮುಂದಿನ ಕೀಮೋ ತಡವಾಗುತ್ತದೆ ಅಂತ ಹೊದ್ದು ಮಲಗಿದ್ದರಂತೆ. ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ಕೀಮೋ ಆಗಿ ಏಳರಿಂದ 14 ದಿನದ ಸುಮಾರಿಗೆ ಬಿಳಿ ರಕ್ತಕಣ ತೀರ ಇಳಿದಿರುತ್ತದೆ. ಆಗ ಸಣ್ಣ ಸೋಂಕೂ ಗಂಟೆಗಳಲ್ಲಿ ಜೀವಕ್ಕೆ ಕುತ್ತು ತರಬಹುದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್. ಚಳಿ ನಡುಕ ಬಂದರೆ ಜ್ವರ ಏರಲಿ ಅಂತ ಕಾಯುವುದೂ ಬೇಡ. ಥರ್ಮಾಮೀಟರಿನ ಜವಾಬ್ದಾರಿಯನ್ನು ಮಗನಿಗೆ ಕೊಡಿ ಅಂದೆ. ಹೆಡ್‌ಫೋನ್ ಹಾಕಿಕೊಂಡು ರೂಮು ಸೇರುವ ಹುಡುಗನಿಗೆ ಮಾಡಲು ಒಂದು ಕೆಲಸ ಬೇಕಿತ್ತು.

ಎರಡನೇ ಸಲ ಗಂಡನೂ ಬಂದರು. ಮಾತು ಕಡಿಮೆ. ಆಕೆ ಏನು ಹೇಳಿದರೂ "ಏನೂ ಆಗಲ್ಲ, ಸುಮ್ನಿರು" ಅನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಒಂಬತ್ತು ಸಲ. ಎಣಿಸಿದ್ದು ನಾನಲ್ಲ, ಆಕೆ. "ರೀ, ಏನೂ ಆಗಲ್ಲ ಅಂದ್ರೆ ನಾನು ಮುಂದೆ ಮಾತಾಡೋ ಹಾಗೇ ಇಲ್ಲ" ಅಂದರು. ಆ ಮಾತಿನ ಬದಲು ಬೇರೆ ಏನು ಹೇಳಬಹುದು ಅಂತ ಅವರಿಬ್ಬರನ್ನೇ ಕೇಳಿದೆ. ಆಕೆಗೆ ಬೇಕಿದ್ದದ್ದು ತೀರ ಸಣ್ಣದು: "ಏನು ಯೋಚನೆ ಬರ್ತಿದೆ, ಹೇಳು."

ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿದೆವು. ಬೋರ್ಕೋವೆಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಯವರು 1983ರಲ್ಲೇ ಈ ವಿಧಾನದ ಬಗ್ಗೆ ಬರೆದಿದ್ದಾರೆ. ದಿನಾ ಒಂದೇ ಜಾಗ, ಒಂದೇ ಸಮಯ, ಅರ್ಧ ಗಂಟೆ. ಬೇರೆ ಹೊತ್ತಲ್ಲಿ ಚಿಂತೆ ಬಂದರೆ, ಸಂಜೆ ನೋಡೋಣ ಅಂತ ಒಂದು ಪದ ಗೀಚಿಟ್ಟು ಕೈಯಲ್ಲಿದ್ದ ಕೆಲಸಕ್ಕೆ ಮರಳೋದು. ಆಕೆಗೆ ಸಂಜೆ ಆರರಿಂದ ಆರೂವರೆ, ಕಿಟಕಿ ಪಕ್ಕದ ಕುರ್ಚಿ, ಒಂದು ನೋಟ್‌ಬುಕ್. ಹಾಸಿಗೆಯಲ್ಲಿ ಮಾತ್ರ ಬೇಡ. ಮೊದಲ ಎರಡು ದಿನ ಇಡೀ ದಿನ ಚಿಂತೆ ಮಾಡಿ, ಆರು ಗಂಟೆಗೂ ಮಾಡಿದರಂತೆ. ಮೂರನೇ ದಿನ ಆರೂಕಾಲಿಗೆ ಬರೆಯೋದು ಖಾಲಿಯಾಗಿ, ಉಳಿದ ಹೊತ್ತು ಸುಮ್ನೆ ಕೂತಿದ್ದರಂತೆ. ಅದನ್ನು ಹೇಳುವಾಗ ಏನೋ ತಪ್ಪು ಮಾಡಿದವರ ಹಾಗೆ ಮುಖ ಮಾಡಿದರು.

ಸ್ಕ್ಯಾನಿನ ದಿನದ ಬಗ್ಗೆ ಮೊದಲೇ ಮಾತಾಡಿಕೊಂಡೆವು. ಮೊದಲ ಕೀಮೋ ಆದಾಗ ಮೂತ್ರ ಕೆಂಪಗಾಗಿ, ರಕ್ತ ಹೋಗ್ತಿದೆ ಅಂತ ಇಡೀ ರಾತ್ರಿ ಎದೆ ಹಿಡಿದುಕೊಂಡು ಕೂತಿದ್ದರು. ಡಾಕ್ಸೋರುಬಿಸಿನ್ ಔಷಧಿಯೇ ಕೆಂಪು, ಒಂದೆರಡು ದಿನ ಹಾಗೆ ಕಾಣುತ್ತದೆ. ಆ ಒಂದು ಮಾತನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅಥವಾ ಹೇಳಿದ್ದು ಆ ಗಾಬರಿಯಲ್ಲಿ ಕಿವಿಗೆ ಬಿದ್ದಿರಲಿಲ್ಲ. ಹಾಗಾಗಿ ಪೆಟ್ ಸ್ಕ್ಯಾನಿನ ಕ್ರಮವನ್ನು ಒಂದೊಂದಾಗಿ ಹೇಳಿದೆ. ನಾಲ್ಕರಿಂದ ಆರು ಗಂಟೆ ಉಪವಾಸ, ರಕ್ತದ ಸಕ್ಕರೆ ನೋಡೋದು, ವಿಕಿರಣ ಸೂಸುವ ಸಕ್ಕರೆಯಂಥ ಔಷಧಿಯ ಚುಚ್ಚುಮದ್ದು, ಆಮೇಲೆ ಸುಮಾರು ಒಂದು ಗಂಟೆ ಅಲುಗಾಡದೆ ಒಬ್ಬರೇ ಮಲಗೋದು. ಆ ಒಂದು ಗಂಟೆಯೇ ಕಷ್ಟ. ಅದಕ್ಕೆ ಅಂಗಾಲಿನ ಉಪಾಯ ಇಟ್ಟುಕೊಂಡರು. ಚಿತ್ರದಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ ಅನ್ನೋದನ್ನೂ ಹೇಳಿದೆ. ಮಿದುಳು ಹೊಳೆಯುತ್ತದೆ, ಮೂತ್ರಕೋಶ ಹೊಳೆಯುತ್ತದೆ, ಎಲ್ಲಾದರೂ ಸೋಂಕೋ ಉರಿಯೂತವೋ ಇದ್ದರೆ ಅದೂ ಹೊಳೆಯುತ್ತದೆ.

ಕೊನೆಗೆ ಒಂದು ಕರಾರು. ಸ್ಕ್ಯಾನ್ ಮಂಗಳವಾರ, ಡಾಕ್ಟರ ಭೇಟಿ ಶನಿವಾರ. ವರದಿ ನಡುವೆ ಯಾವಾಗ ಬೇಕಾದರೂ ಫೋನಿಗೆ ಬೀಳಬಹುದು. ಯಾರು ತೆರೆಯಬೇಕು? ಎಲ್ಲಿ? ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು? ಬಹಳ ಜನ ಈ ಪ್ರಶ್ನೆಗಳನ್ನು ಕೇಳಿಕೊಳ್ಳೋದೇ ಇಲ್ಲ. ಡಾಕ್ಟರ ಮುಂದೆಯೇ ಕೇಳೋಣ, ಅಲ್ಲಿಯವರೆಗೆ ತೆರೆಯೋದು ಬೇಡ ಅಂತ ಇಬ್ಬರೂ ಒಪ್ಪಿದರು. ಶನಿವಾರ ಕೇಳಬೇಕಾದ ಪ್ರಶ್ನೆಗಳನ್ನು ಎರಡು ಪುಟದಲ್ಲಿ ಬರೆಸಿದೆ. ವರದಿ ಚೆನ್ನಾಗಿ ಬಂದರೆ ಏನು ಕೇಳೋದು ಅಂತ ಒಂದು, ಬರದಿದ್ದರೆ ಏನು ಅಂತ ಇನ್ನೊಂದು. ಎರಡನೇ ಪುಟ ಬರೆಯುವಾಗ ಆಕೆಯ ಕೈ ನಡುಗಿತು. ಬರೆದು ಮುಗಿಸಿ ನೀರು ಕುಡಿದು, "ಇದೂ ಒಂದು ಪುಟಾನೇ" ಅಂದರು.

ಗುರುವಾರ ರಾತ್ರಿ ಹನ್ನೊಂದಕ್ಕೆ ವರದಿ ಬಂತು. ತೆರೆದದ್ದು ಆಕೆಯಲ್ಲ. ಏನೂ ಆಗಲ್ಲ ಅನ್ನುತ್ತಿದ್ದ ಗಂಡ, ಆಕೆಯ ಫೋನನ್ನು ಬಚ್ಚಲಿಗೆ ಒಯ್ದು, ನಲ್ಲಿ ತಿರುಗಿಸಿಟ್ಟು ಓದಿದರು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ಆಕೆ ಫೋನ್ ಕಸಿದುಕೊಂಡರು. ಕೊನೆಯ ಸಾಲಿನಲ್ಲಿ "ಡೋವಿಲ್ ಸ್ಕೋರ್ 3" ಅಂತಿತ್ತು. ಇಬ್ಬರೂ ಅದನ್ನು ಮೂರನೇ ಹಂತ ಅಂತ ಓದಿಕೊಂಡರು. ಶುರುವಿನಲ್ಲಿ ಎರಡನೇ ಹಂತ ಅಂದಿದ್ದರು, ಈಗ ಮೂರು, ಅಂದರೆ ಹರಡಿದೆ. ಬೆಳಗಿನ ತನಕ ಇಬ್ಬರೂ ಕಣ್ಣು ಮುಚ್ಚಲಿಲ್ಲ.

ಬೆಳಗ್ಗೆ ನನಗೆ ಫೋನ್ ಬಂತು. ಸ್ಕೋರು ಬೇರೆ, ಹಂತ ಬೇರೆ ಅನ್ನೋದು ನನಗೆ ಗೊತ್ತಿತ್ತು. ಅಷ್ಟು ಮಾತ್ರ ಹೇಳಿದೆ. ಅವರ ವರದಿಯಲ್ಲಿ ಆ ಅಂಕಿಗೆ ಏನರ್ಥ ಅನ್ನೋದನ್ನು ಅವರ ಡಾಕ್ಟರೇ ಹೇಳಬೇಕು, ಈಗಲೇ ಕೀಮೋ ವಿಭಾಗದ ನರ್ಸ್‌ಗೆ ಫೋನ್ ಮಾಡಿ, ಶನಿವಾರದ ತನಕ ಕಾಯಬೇಡಿ ಅಂದೆ. ಮಧ್ಯಾಹ್ನದೊಳಗೆ ಡಾಕ್ಟರೇ ಮಾತಾಡಿದರು. ಡೋವಿಲ್ ಅನ್ನೋದು ಫ್ರಾನ್ಸಿನ ಒಂದು ಊರು. 2009ರಲ್ಲಿ ತಜ್ಞರು ಅಲ್ಲಿ ಸೇರಿದ್ದಾಗ ಹುಟ್ಟಿಕೊಂಡ ಅಳತೆ ಇದು, ಒಂದರಿಂದ ಐದರವರೆಗೆ. ಮೂರು ಅಂದರೆ ಗಂಟಿದ್ದ ಜಾಗದ ಹೊಳಪು ಯಕೃತ್ತಿನ ಹೊಳಪಿಗಿಂತ ಜಾಸ್ತಿ ಇಲ್ಲ ಅಂತ. ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅದನ್ನು ಒಳ್ಳೆಯ ಫಲ ಅಂತಲೇ ತಗೊಳ್ಳುತ್ತಾರೆ. ಉಳಿದ ಎರಡು ಕೀಮೋ ಹಾಗೇ ಮುಂದುವರಿಸೋಣ ಅಂದರಂತೆ.

ಮುಂದಿನ ಭೇಟಿಯಲ್ಲಿ ಕರಾರು ಮುರಿದದ್ದರ ಬಗ್ಗೆ ಆಕೆಗೆ ಕೋಪ ಇರುತ್ತದೆ ಅಂದುಕೊಂಡಿದ್ದೆ. ಇತ್ತು ಕೂಡ. ಆದರೆ ಬಚ್ಚಲಿನ ನಲ್ಲಿಯ ವಿಷಯ ಬಂದಾಗ ನಕ್ಕುಬಿಟ್ಟರು. "ಇಷ್ಟು ದಿನ ನಾನೊಬ್ಬಳೇ ಹೆದರಿದ್ದೀನಿ ಅಂದ್ಕೊಂಡಿದ್ದೆ." ಗಂಡ ತಲೆ ತಗ್ಗಿಸಿ ಕೂತಿದ್ದರು. ನಿಮ್ಮ ಅಂಕಿ ಎಷ್ಟು ಅಂತ ಅವರನ್ನೂ ಕೇಳಿದೆ. ಒಂಬತ್ತು ಅಂದರು. ಆಕೆ ತಿರುಗಿ ಅವರನ್ನೇ ನೋಡಿದರು. ಆವತ್ತಿನಿಂದ ಆರು ಗಂಟೆಯ ಕಿಟಕಿ ಪಕ್ಕ ಎರಡು ಕುರ್ಚಿ.

ಆರನೇ ಕೀಮೋ ಈಗ ಮುಗಿದಿದೆ. ಕೊನೆಯ ಪೆಟ್ ಸ್ಕ್ಯಾನ್ ಮುಂದಿನ ತಿಂಗಳು. ಕೀಮೋದ ಉರಿಯೂತ ಇಳಿಯದೆ ಸ್ಕ್ಯಾನ್ ಮಾಡಿದರೆ ಸುಳ್ಳು ಹೊಳಪು ಕಾಣಬಹುದು, ಅದಕ್ಕೇ ಆರರಿಂದ ಎಂಟು ವಾರ ಬಿಡುತ್ತಾರೆ. ಅಷ್ಟು ದೊಡ್ಡ ಕಾಯುವಿಕೆ ಆಕೆಗೆ ಇದೇ ಮೊದಲು. ಎರಡು ವಾರಕ್ಕೊಮ್ಮೆ ಬರುತ್ತಿದ್ದಾರೆ. ಮೊನ್ನೆಯ ಅಂಕಿ ಐದು. ಆಪ್‌ನ ಸೂಚನೆ ಬಂದ್ ಮಾಡಿದ್ದಾರೆ. ಹೊಸ ಕರಾರನ್ನು ಈ ಸಲ ಬರೆದು ಫ್ರಿಜ್‌ಗೆ ಅಂಟಿಸಿದ್ದಾರಂತೆ, ಅದರ ಫೋಟೋ ತೋರಿಸಿದರು. "ವರದಿ ಬಂದರೆ ಡಾಕ್ಟರ ಮುಂದೆ ಕೂತಾಗಲೇ ತೆರೆಯೋದು. ಅದಕ್ಕೆ ಮೊದಲು ಯಾರೂ ನೋಡಬಾರದು." ಕೆಳಗೆ ಬೇರೆ ಪೆನ್ನಿನಲ್ಲಿ, ಮಗನ ಅಕ್ಷರದಲ್ಲಿ: "ಅಪ್ಪನೂ ಸೇರಿ."