ಸೇತುವೆ ದಾಟುವ ಮುಂಚೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕೆನಡಾದ ವಿಂಡ್ಸರ್‌ಗೆ ಬಂದು ಎರಡು ತಿಂಗಳಾಗಿದೆ, ಕೈಯಲ್ಲಿ ಪಿಆರ್ (ಇಲ್ಲಿ ಕಾಯಂ ಇರುವ ಪರವಾನಗಿ) ಇದೆ, ನದಿಯಾಚೆ ಅಮೆರಿಕದ ಡೆಟ್ರಾಯಿಟ್ ಹತ್ತಿರ ಅಕ್ಕ ಇದ್ದಾಳೆ, ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಅವರನ್ನೂ ಕರೆದುಕೊಂಡು ಸೇತುವೆ ದಾಟಬೇಕು, ಆದರೆ ಭಯ ಎಂದಿದ್ದೀಯ. ಫೋನ್ ಕೇಳಿದರೆ ಕೊಡಬೇಕಾ? ಇಷ್ಟು ಸ್ನೇಹವಾಗಿರುವ ಎರಡು ದೇಶಗಳ ಮಧ್ಯೆ ಇಷ್ಟೊಂದು ತಪಾಸಣೆ ಯಾಕೆ? ಅಧಿಕಾರಿ ಒರಟಾಗಿ ನಡೆದುಕೊಂಡರೆ ಯಾರಿಗೆ ಹೇಳೋದು? ಜೊತೆಗೆ ಚಳಿಗೆ ಯಾವ ಜಾಕೆಟ್, ಮನೆ ಎಲ್ಲಿ ನೋಡೋದು ಅಂತಲೂ ಕೇಳಿದ್ದೀಯ. ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಜಾಕೆಟ್‌ಗಿಂತ ಬೂಟಿಗೆ ಜಾಸ್ತಿ ದುಡ್ಡು ಹಾಕು. ಮನೆಯ ವಿಷಯ ಆಫೀಸಿನವರನ್ನೇ ಕೇಳು, ನಾನು ಬಾಡಿಗೆ ಮನೆ ಹುಡುಕಿ ಇಪ್ಪತ್ತು ವರ್ಷ ಆಯಿತು.

ಗಡಿಯ ವಿಷಯಕ್ಕೆ ಬರೋಣ. ನಾನು ವಿಂಡ್ಸರ್‌ಗೆ ಬಂದದ್ದು 2001ರ ವಸಂತದಲ್ಲಿ. ಇಲ್ಲಿ ಒಂದು ತಮಾಷೆ ಇದೆ. ಅಮೆರಿಕ ಕೆನಡಾದ ಕೆಳಗೆ ಅಂತ ನಾವು ಭೂಪಟದಲ್ಲಿ ಓದಿದ್ದೆವು. ಈ ಊರಿಂದ ನೋಡಿದರೆ ಡೆಟ್ರಾಯಿಟ್ ಉತ್ತರಕ್ಕಿದೆ! ಬಂದ ಮೂರನೇ ವಾರ ಆ ಕಡೆ ಇದ್ದ ನನ್ನ ಅಣ್ಣ ಬಂದು ಕಾರಲ್ಲಿ ಕೂರಿಸಿಕೊಂಡು ಅಂಬಾಸಿಡರ್ ಸೇತುವೆ ದಾಟಿಸಿದ. ಆಗ ಕೆನಡಾದ ಪಿಆರ್ ಇರುವ ಭಾರತೀಯರಿಗೆ ಅಮೆರಿಕದ ವೀಸಾ ಬೇಕಿರಲಿಲ್ಲ. ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ಸಿಕ್ಕಿದ್ದ ಸೌಲಭ್ಯ ಅದು. ಗೂಡಿನಲ್ಲಿ ಕೂತವನು ಪಾಸ್‌ಪೋರ್ಟ್ ತಿರುಗಿಸಿ ನೋಡಿ ಎರಡು ಪ್ರಶ್ನೆ ಕೇಳಿ ಬಿಟ್ಟ. ಕೆನಡಾದವರು, ಅಮೆರಿಕದವರು ಬರೀ ಬಾಯಿಮಾತಲ್ಲಿ ದಾಟುತ್ತಿದ್ದ ಕಾಲ. ನನಗೆ ಅನಿಸಿತು, ಇದೇನು ಗಡಿಯಾ, ಟೋಲ್ ಗೇಟಾ?

ಸೆಪ್ಟೆಂಬರ್ ಬಂತು. ಅವಳಿ ಗೋಪುರ ಬಿದ್ದ ಮರುದಿನದಿಂದ ಸೇತುವೆಯ ಈ ಕಡೆ ಟ್ರಕ್‌ಗಳ ಸಾಲು ಕಿಲೋಮೀಟರ್‌ಗಟ್ಟಲೆ. ನಾನಾಗ ಕಾರಿನ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿದ್ದೆ. ನಮ್ಮ ಮಾಲು ನದಿ ದಾಟಲಿಲ್ಲ, ಆ ಕಡೆ ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ಆಮೇಲೆ ಒಂದೊಂದೇ ಬಿಗಿಯಾಯಿತು. 2003ರ ಮಾರ್ಚ್‌ನಲ್ಲಿ ನಮ್ಮ ವೀಸಾ ಸೌಲಭ್ಯ ಹೋಯಿತು. 2007ರಿಂದ ಕೆನಡಾದ ಗಡಿ ಅಧಿಕಾರಿಗಳ ಸೊಂಟಕ್ಕೂ ಪಿಸ್ತೂಲು ಬಂತು. 2009ರ ಜೂನ್‌ನಿಂದ ರಸ್ತೆಯಲ್ಲಿ ಹೋಗುವ ಕೆನಡಾದವರಿಗೂ ಪಾಸ್‌ಪೋರ್ಟೋ ಅಂಥದ್ದೇ ಕಾರ್ಡೋ ಬೇಕಾಯಿತು. ವಿಮಾನ ಅಪಹರಿಸಿದ ಹತ್ತೊಂಬತ್ತು ಜನರಲ್ಲಿ ಒಬ್ಬನೂ ಕೆನಡಾದಿಂದ ಬಂದವನಲ್ಲ. ಆದರೂ ಅವರು ಕೆನಡಾದಿಂದ ಬಂದರು ಅನ್ನುವ ಗಾಳಿಮಾತು ವರ್ಷಗಟ್ಟಲೆ ಓಡಾಡಿತು.

ಹಾಗಂತ ತಪಾಸಣೆಯೇ ಬೇಡ ಅನ್ನುವವನು ನಾನಲ್ಲ. ಯುರೋಪಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ತಪಾಸಣೆ ಇಲ್ಲದೆ ಹೋಗುತ್ತಾರಲ್ಲ ಅಂತ ನೀನು ಉದಾಹರಣೆ ಕೊಟ್ಟಿದ್ದೀಯ. ಹಾಗೆ ಒಪ್ಪಂದ ಮಾಡಿಕೊಂಡ ಆ ಶೆಂಗೆನ್ ದೇಶಗಳಿಗೆ ವೀಸಾ ಒಂದೇ, ಹೊರಗಿನ ಬೇಲಿಯೂ ಒಂದೇ. ಅದಕ್ಕೇ ಒಳಗಿನ ಬಾಗಿಲು ತೆಗೆದಿಡಲು ಆಗುತ್ತದೆ. ನಾವು ನೇಪಾಳಕ್ಕೆ ವೀಸಾ ಇಲ್ಲದೆ ಹೋಗಿಬರುವುದೂ 1950ರ ಒಪ್ಪಂದದ ಬಲದಿಂದ. ಇಲ್ಲಿ ಎರಡು ಮನೆಯ ಕಟ್ಟಳೆಯೇ ಬೇರೆ. ಬಂದೂಕು ಆ ಕಡೆ ಸುಲಭ, ಈ ಕಡೆ ಕಷ್ಟ. ಟೊರೊಂಟೊದಲ್ಲಿ ಪೊಲೀಸರಿಗೆ ಸಿಗುವ ಕಳ್ಳ ಪಿಸ್ತೂಲುಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬಂದವು. ಗಾಂಜಾ ಕೆನಡಾದಲ್ಲಿ 2018ರಿಂದ ಕಾನೂನುಬದ್ಧ, ಆದರೆ ಒಂದು ಗ್ರಾಂ ಗಡಿ ದಾಟಿಸಿದರೂ ಅಪರಾಧ, ಯಾವ ದಿಕ್ಕಿಗಾದರೂ. (ನಿನ್ನ ರೂಮ್‌ಮೇಟ್ ಬ್ಯಾಗ್ ಎರವಲು ತೆಗೆದುಕೊಂಡು ಹೋಗಬೇಡ. ನಗಬೇಡ, ಇದು ನಿಜಕ್ಕೂ ಹೇಳುತ್ತಿದ್ದೇನೆ.)

ಇನ್ನೊಂದು ಸಂಗತಿ ನಾನು ಯಾವಾಗಲೂ ಹೇಳುತ್ತೇನೆ. 1999ರ ಡಿಸೆಂಬರ್‌ನಲ್ಲಿ ಕೆನಡಾದ ವಿಕ್ಟೋರಿಯಾದಿಂದ ಅಮೆರಿಕದ ಪೋರ್ಟ್ ಏಂಜಲಿಸ್‌ಗೆ ಬಂದ ದೋಣಿಯಿಂದ ಕೊನೆಯ ಕಾರು ಇಳಿಯಿತು. ಡಯಾನಾ ಡೀನ್ ಎಂಬ ಕಸ್ಟಮ್ಸ್ ಅಧಿಕಾರಿ ಸುಮ್ನೆ ಬಿಟ್ಟು ಮನೆಗೆ ಹೋಗಬಹುದಿತ್ತು. ಎಲ್ಲಿಗೆ, ಯಾಕೆ ಅಂತ ಕೇಳಿದರು. ಉತ್ತರ ಸರಿಹೋಗಲಿಲ್ಲ. ಡಿಕ್ಕಿ ತೆಗೆಸಿದರೆ ಸ್ಪೇರ್ ಟೈರ್ ಜಾಗದಲ್ಲಿ ಸ್ಫೋಟಕ. ಅದು ಲಾಸ್ ಏಂಜಲಿಸ್ ವಿಮಾನ ನಿಲ್ದಾಣಕ್ಕೆ ಹೊರಟಿತ್ತು. ಸ್ನೇಹದ ಗಡಿಯಲ್ಲೂ ಕೇಳುವವರು ಒಬ್ಬರು ಇರಬೇಕು ಅಂತ ನಾನು ಒಪ್ಪುವುದು ಇದಕ್ಕೇ. ಆ ಹೆಂಗಸಿಗೆ ಅನಿಸಿದ್ದು ಸರಿಯಾಗಿತ್ತು. ಅನಿಸಿದ್ದು ತಪ್ಪಾದಾಗ ಏನಾಗುತ್ತದೆ, ಅದನ್ನು ನಾನು ನನ್ನ ಅಪ್ಪನ ಮುಖದಲ್ಲಿ ನೋಡಿದ್ದೇನೆ.

2006ರ ಬೇಸಿಗೆ. ಅಪ್ಪ ಅಮ್ಮ ಮೊದಲ ಸಲ ಬಂದಿದ್ದರು. ಮೂವರೂ ಕಾರಲ್ಲಿ ಗಡಿ ದಾಟುತ್ತಿದ್ದೆವು. ಯಾವ ಸೇತುವೆ, ಹೋಗುವಾಗಲಾ ಬರುವಾಗಲಾ, ಯಾವ ದೇಶದ ಅಧಿಕಾರಿ ಅಂತ ಕೇಳಬೇಡ. ಒಳ್ಳೆಯವರನ್ನೂ ಅಂಥವರನ್ನೂ ಎರಡೂ ಕಡೆ ಕಂಡಿದ್ದೇನೆ. ಆತ ನನ್ನನ್ನು ಕೇಳಿದ, ಯಾರ ಮನೆ? ನಾನು ‘ಕಸಿನ್’ ಎಂದೆ. ಹಿಂದಿನ ಸೀಟಿನತ್ತ ಬಗ್ಗಿ ಅಪ್ಪನನ್ನು ಅದೇ ಪ್ರಶ್ನೆ ಕೇಳಿದ. ಅಪ್ಪ ತಮಗೆ ಗೊತ್ತಿದ್ದ ಇಂಗ್ಲಿಷ್‌ನಲ್ಲಿ ಖುಷಿಯಿಂದ ಹೇಳಿದರು, ‘ಮೈ ಎಲ್ಡರ್ ಸನ್.’

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹೊರಟಿದ್ದು ಅಣ್ಣನ ಮನೆಯ ಲೆಕ್ಕದಲ್ಲಿ, ಅವನು ನನ್ನ ದೊಡ್ಡಪ್ಪನ ಮಗ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ಹೋದರು. ಅಲ್ಲಿಂದ ನಮ್ಮ ಮನೆಯಲ್ಲೇ ಬೆಳೆದ, ಅವನ ಕಾಲೇಜು ಫೀಸಿಗೆ ಅಪ್ಪ ತೋಟದ ಒಂದು ತುಂಡು ಮಾರಿದ್ದರು. ಆದರೆ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬೇರೆ. ಅಧಿಕಾರಿಗೆ ಕಂಡದ್ದು ಇಷ್ಟೇ: ಒಂದೇ ಕಾರು, ಎರಡು ಉತ್ತರ.

ಒಳಗೆ ಕರೆದರು. ಮೂರು ಗಂಟೆ. ಅಮ್ಮನ ಬ್ಯಾಗಿನಲ್ಲಿದ್ದ ಮೆಣಸಿನ ಪುಡಿ, ಬಿಪಿ ಮಾತ್ರೆ, ದೇವರ ಕುಂಕುಮ ಎಲ್ಲ ಮೇಜಿನ ಮೇಲೆ. ಆತ ಅಪ್ಪನನ್ನು ಕೌಂಟರಿನ ಮುಂದೆ ನಿಲ್ಲಿಸಿಕೊಂಡೇ ಕೇಳಿದ, ನಿಮಗೆ ಗಂಡು ಮಕ್ಕಳು ಎಷ್ಟು? ಅಪ್ಪ ‘ಇಬ್ಬರು’ ಎಂದರು. ಅರ್ಜಿಯಲ್ಲಿ ಒಬ್ಬನೇ ಇದ್ದಾನಲ್ಲ? ಅಪ್ಪ ಕೈ ಆಡಿಸಿ ವಿವರಿಸಲು ಹೊರಟರು. ತಮ್ಮನ ಮಗ, ಅಣ್ಣನ ಮಗ ಎಲ್ಲ ಮಗನೇ ಅಂತ. ಆತ ಧ್ವನಿ ಏರಿಸಿ, ಸುಳ್ಳು ಹೇಳಿದರೆ ಐದು ವರ್ಷ ಕಾಲಿಡದ ಹಾಗೆ ಮಾಡುತ್ತೇನೆ ಎಂದ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವರು ನನ್ನಪ್ಪ. ಅವರಿಗೆ ಯಾರೂ ಸುಳ್ಳುಗಾರ ಅಂದಿರಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತಾ? ಅಧಿಕಾರಿಗೆ ಒಂದು ಮಾತು ಹೇಳಲಿಲ್ಲ. ಅಪ್ಪನ ಕಡೆ ತಿರುಗಿ, ‘ಸುಮ್ನಿರಿ ಅಪ್ಪ, ಅವನು ಮಗ ಅಲ್ಲ ಅಂತ ಹೇಳಿಬಿಡಿ, ಮುಗಿಯುತ್ತೆ’ ಎಂದು ಗದರಿದೆ. ಅಪ್ಪ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆತನಿಗೆ ಹೇಳಿದರು, ‘ನಾಟ್ ಮೈ ಸನ್.’ ಆತ ಬರೆದುಕೊಂಡ. ಹತ್ತು ನಿಮಿಷದಲ್ಲಿ ಬಿಟ್ಟರು.

ಕಾರು ಹತ್ತಿದ ಮೇಲೆ ಅಣ್ಣನ ಫೋನ್ ಬಂತು. ‘ಯಾಕೋ ಇಷ್ಟು ಹೊತ್ತು? ಚಿಕ್ಕಪ್ಪನಿಗೆ ಕೊಡು’ ಎಂದ. ಫೋನ್ ಹಿಂದಕ್ಕೆ ಚಾಚಿದೆ. ಅಪ್ಪ ಬೇಡ ಅಂತ ತಲೆ ಆಡಿಸಿದರು. ಆ ಮೇಲೆ ಅವರು ಈ ಕಡೆ ಬರಲೇ ಇಲ್ಲ. ಕರೆದಾಗಲೆಲ್ಲ ಮಂಡಿ ನೋವು ಅನ್ನುತ್ತಿದ್ದರು. ಈಗ ಅವರಿಲ್ಲ. ಅಣ್ಣನಿಗೆ ನಾವಿಬ್ಬರೂ ಹೇಳಿರಲಿಲ್ಲ.

ದೂರು ಕೊಟ್ಟೆಯಾ ಅಂತ ಕೇಳುತ್ತೀಯ. ಇಲ್ಲ. ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ, ಫೈಲಿಗೆ ಕಪ್ಪು ಚುಕ್ಕೆ ಬಿದ್ದರೆ ಅನ್ನುವ ಭಯ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬಾರದು ಅಂತ ಹೇಳಿಸಿಕೊಂಡು ಬೆಳೆದವರಲ್ವಾ ನಾವು? ಎದೆಯ ಮೇಲಿನ ಬ್ಯಾಡ್ಜ್ ಕಣ್ಣೆದುರೇ ಇತ್ತು. ಓದಿಕೊಳ್ಳಲಿಲ್ಲ. ಆತ ನಮ್ಮ ಬಗ್ಗೆ ಏನು ಬರೆದುಕೊಂಡ ಅಂತ ಕೇಳಿ ಪಡೆಯುವ ಹಕ್ಕು ಎರಡೂ ದೇಶಗಳಲ್ಲಿ ಇದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಹಾಗಾಗಿ ನಿನಗೆ ಹೇಳುತ್ತೇನೆ. ಜಗಳ ಅಲ್ಲಿ ಮಾಡಬೇಡ, ಕಾರಿಂದ ಹೇಳದೆ ಇಳಿಯಬೇಡ. ಆದರೆ ಹೆಸರೋ ನಂಬರೋ ನೋಡಿಕೋ, ಗಂಟೆ ನೋಡಿಕೋ, ಸೂಪರ್‌ವೈಸರ್ ಬೇಕು ಅಂತ ಮೆತ್ತಗೆ ಕೇಳು. ಮನೆಗೆ ಹೋದ ದಿನವೇ ಬರೆದಿಡು. ಅಮೆರಿಕದ ಕಡೆಯಲ್ಲಿ ಮತ್ತೆ ಮತ್ತೆ ತಡೆದರೆ ಅವರ ಗೃಹಭದ್ರತಾ ಇಲಾಖೆಗೆ ಅಹವಾಲು ಹೇಳಿಕೊಳ್ಳಲು ಡಿಎಚ್‌ಎಸ್ ಟ್ರಿಪ್ ಅಂತ ಒಂದು ದಾರಿ ಇದೆ, ಆನ್‌ಲೈನ್‌ನಲ್ಲೇ ಅರ್ಜಿ.

ಕೆನಡಾದ ಬಗ್ಗೆ ನನಗೆ ಹೆಮ್ಮೆ ಇದೆ, ಈ ದೇಶ ನನಗೆ ಅನ್ನ ಕೊಟ್ಟಿದೆ. ಆದರೂ ಹೇಳಬೇಕು. ಇಲ್ಲಿನ ಕೇಂದ್ರ ಪೊಲೀಸರ ಮೇಲಿನ ದೂರು ನೋಡಲು ಹೊರಗಿನವರ ಆಯೋಗ 1988ರಿಂದಲೂ ಇತ್ತು. ಗಡಿ ಅಧಿಕಾರಿಗಳ ಮೇಲೆ ದೂರು ಕೊಟ್ಟರೆ ಮಾತ್ರ ಅದೇ ಇಲಾಖೆಯವರೇ ನೋಡುತ್ತಿದ್ದರು. ಅವರನ್ನೂ ಸೇರಿಸಿ ಸ್ವತಂತ್ರ ಆಯೋಗ ಮಾಡುವ ಕಾನೂನು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಅಮೆರಿಕದಲ್ಲಿ 1996ರ ಕಾನೂನಿನಂತೆ, ಸುಳ್ಳು ಹೇಳಿದ ಅಂತಲೋ ದಾಖಲೆ ಸರಿಯಿಲ್ಲ ಅಂತಲೋ ಗಡಿಯ ಅಧಿಕಾರಿಯೇ, ಜಡ್ಜ್ ಇಲ್ಲದೆ, ನಿನ್ನನ್ನು ಹೊರಹಾಕಿ ಐದು ವರ್ಷ ಬಾಗಿಲು ಮುಚ್ಚಬಹುದು. ಅಂಥ ಗಳಿಗೆ ಬಂದರೆ, ‘ನನ್ನ ಪ್ರವೇಶದ ಕೋರಿಕೆ ವಾಪಸ್ ತೆಗೆದುಕೊಳ್ಳುತ್ತೇನೆ’ ಅಂತ ಕೇಳಬಹುದು. ಒಪ್ಪುವುದು ಬಿಡುವುದು ಅವರ ಇಷ್ಟ. ಇಷ್ಟು ಅಧಿಕಾರ ಕೊಟ್ಟ ಮೇಲೆ, ಮೂರು ಗಂಟೆ ಯಾಕೆ ಕೂರಿಸಿದೆ ಅಂತ ಆತನೂ ಒಂದು ಕಾಗದ ಬರೆದುಕೊಡಲಿ. ನಾನು ಕೇಳುವುದು ಅಷ್ಟೇ.

ಫೋನ್ ಕೇಳಿದರೆ ಕೊಡು. ಅಲ್ಲಿ ನೀನು ವಿಸಿಟರ್, ಕೊಡದಿದ್ದರೆ ವಾಪಸ್ ಕಳಿಸುತ್ತಾರೆ. ಈ ಕಡೆಯೂ ನೋಡುತ್ತಾರೆ. ಕಾರಣವೇ ಇಲ್ಲದೆ ಫೋನ್ ಜಾಲಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಆಲ್ಬರ್ಟಾದ ಮೇಲ್ಮನವಿ ಕೋರ್ಟ್ 2020ರಲ್ಲಿ, ಒಂಟಾರಿಯೊದ್ದು 2024ರಲ್ಲಿ ಹೇಳಿವೆ. ಆದರೆ ಕೋರ್ಟಿನ ಮಾತು ಗೂಡಿನ ಮುಂದೆ ನೀನು ವಾದ ಮಾಡಲಿಕ್ಕಲ್ಲ.

ಅಮ್ಮನಿಗೂ ನಿನಗೂ ಭಾರತದ ಪಾಸ್‌ಪೋರ್ಟ್, ಹಾಗಾಗಿ ಇಬ್ಬರಿಗೂ ಅಮೆರಿಕದ ವೀಸಾ ಬೇಕು. ಪಿಆರ್ ಕಾರ್ಡ್ ಅಲ್ಲಿ ವೀಸಾದ ಬದಲಿಗೆ ನಡೆಯಲ್ಲ. ಐ-94 ಅಂದರೆ ಅಮೆರಿಕ ಪ್ರವೇಶದ ದಾಖಲೆ, ಅದರ ಅರ್ಜಿ ಮೊದಲೇ ಆನ್‌ಲೈನ್‌ನಲ್ಲಿ ಹಾಕು. ಹಣ್ಣು, ಕರಿಬೇವು ಬೇಡ. ಅಮ್ಮನಿಗೆ ಕಾರಲ್ಲೇ ಹೇಳಿಕೊಡು, ಕೇಳಿದ್ದಕ್ಕೆ ಮಾತ್ರ ಉತ್ತರ, ಊರಿನ ಕಥೆ ಬೇಡ. ಅವರ ಮಾತು ಅಧಿಕಾರಿಗೆ ಅರ್ಥವಾಗದಿದ್ದರೆ ಅವರನ್ನು ಗದರಬೇಡ. ಆತನ ಕಡೆ ತಿರುಗಿ, ನಮ್ಮ ಭಾಷೆಯಲ್ಲಿ ಇದಕ್ಕೆ ಹೀಗನ್ನುತ್ತಾರೆ ಅಂತ ನೀನೇ ಹೇಳು.

ಅದಕ್ಕೂ ಮುಂಚೆ ನನಗೊಂದು ತಿಳಿಸು. ಡೆಟ್ರಾಯಿಟ್‌ನಲ್ಲಿ ಅಕ್ಕ ಇದ್ದಾಳೆ ಅಂದೆಯಲ್ಲ, ಒಡಹುಟ್ಟಿದವಳಾ, ಇಲ್ಲ ದೊಡ್ಡಮ್ಮನ ಮಗಳಾ?