ಪುಟ ಉದ್ದವಾದಾಗ ಹಿನ್ನೆಲೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮೂರಿನ ಯಕ್ಷಗಾನ ಮೇಳಕ್ಕೆ ನಾನೇ ವೆಬ್‌ಸೈಟ್ ಮಾಡುತ್ತಿದ್ದೇನೆ. ಹಿನ್ನೆಲೆಗೆ ರಂಗಸ್ಥಳದ ಫೋಟೊ ಹಾಕಿದ್ದೇನೆ. ಸಂಪರ್ಕದ ಪುಟದಲ್ಲಿ ಇರುವುದು ನಾಲ್ಕೇ ಸಾಲು. ಅಲ್ಲಿ ಫೋಟೊ ಅರ್ಧಕ್ಕೇ ನಿಂತು ಕೆಳಗೆ ಬಿಳಿ ಕಾಣುತ್ತಿತ್ತು. ಬರಹ, ಫೋಟೊ ಎಲ್ಲ ಇರುವ ಚೌಕಕ್ಕೆ, ಅಂದರೆ ಡಿವ್‌ಗೆ, ಹೈಟ್ (ಎತ್ತರ) 100 ವಿಎಚ್, ಅಂದರೆ ಒಂದು ಸ್ಕ್ರೀನಿನಷ್ಟು, ಕೊಟ್ಟೆ, ಸರಿಹೋಯಿತು. ಈಗ ಪ್ರಸಂಗದ ಕಥೆಗಳಿರುವ ಉದ್ದ ಪುಟಗಳು ಕೆಟ್ಟಿವೆ. ಒಂದು ಸ್ಕ್ರೀನ್ ಆದಮೇಲೆ ಫೋಟೊ ಮುಗಿದು, ಬಿಳಿ ಜಾಗದಲ್ಲಿ ಬಿಳಿ ಅಕ್ಷರ ಬರುತ್ತಿದೆ. ಏನು ಮಾಡಲಿ, ಮೇಡಂ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಹೈಟ್ ಅನ್ನುವ ಜಾಗದಲ್ಲಿ ಮಿನ್-ಹೈಟ್ ಅಂತ ಬರೆಯಿರಿ. ಬಿಳಿ ಜಾಗದ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಈಗ ನೀವು ಡಿವ್‌ಗೆ 'ಒಂದು ಸ್ಕ್ರೀನಿನಷ್ಟೇ ಇರು' ಎಂದು ಹೇಳಿದ್ದೀರಿ. ಕಥೆ ಅದರಿಂದ ಹೊರಗೆ ಚೆಲ್ಲುತ್ತದೆ, ಹಿನ್ನೆಲೆ ಮಾತ್ರ ಡಿವ್ ಜೊತೆ ನಿಲ್ಲುತ್ತದೆ. ಮಿನ್-ಹೈಟ್ ಕೊಟ್ಟರೆ ಕನಿಷ್ಠ ಒಂದು ಸ್ಕ್ರೀನ್ ಇರುತ್ತದೆ, ಬರಹ ಜಾಸ್ತಿಯಾದಂತೆ ಬೆಳೆಯುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಮಿನ್-ಹೈಟ್ 100 ಡಿವಿಎಚ್ ಅಂತಲೂ ಸೇರಿಸಿ. ಡಿವಿಎಚ್ ಅಂದರೆ ಆ ಹೊತ್ತಿಗೆ ನಿಜವಾಗಿ ಕಾಣುವ ಸ್ಕ್ರೀನಿನ ಅಳತೆ. ಮೊಬೈಲಿನಲ್ಲಿ ಅಡ್ರೆಸ್ ಬಾರ್ ಕಾಣುವಾಗ 100 ವಿಎಚ್ ಸ್ವಲ್ಪ ಹೆಚ್ಚಾಗಿ, ನಾಲ್ಕು ಸಾಲಿನ ಪುಟವೂ ಸುಮ್ನೆ ಸ್ಕ್ರೋಲ್ ಆಗುತ್ತದೆ. ಡಿವಿಎಚ್ 2022ರಿಂದ ಸಫಾರಿ, ಕ್ರೋಮ್ ಎರಡರಲ್ಲೂ ಇದೆ. ಅದು ಗೊತ್ತಿಲ್ಲದ ಹಳೆಯ ಬ್ರೌಸರ್ ಮೇಲಿನ ಸಾಲನ್ನೇ ಹಿಡಿಯುತ್ತದೆ.

ಆದರೆ ಇಷ್ಟು ಮಾಡಿದ ಮೇಲೆ ಫೋಟೊ ಕೆಡುತ್ತದೆ. ಜಾಗವನ್ನೆಲ್ಲ ಫೋಟೊ ಮುಚ್ಚಲಿ ಎಂದು ಬ್ಯಾಕ್‌ಗ್ರೌಂಡ್-ಸೈಜ್ ಕವರ್ ಅಂತ ಕೊಟ್ಟಿರುತ್ತೀರಿ, ಅಲ್ವಾ? ಫೋಟೊ 1600 ಪಿಕ್ಸೆಲ್ ಅಗಲ, 900 ಎತ್ತರ ಅಂದುಕೊಳ್ಳಿ. ಮೊಬೈಲಿನಲ್ಲಿ ಕಥೆಯ ಪುಟ 9000 ಎತ್ತರವಾಯಿತು. ಅಷ್ಟನ್ನೂ ಮುಚ್ಚಲು ಫೋಟೊ 10 ಪಟ್ಟು ಹಿಗ್ಗಿ 16000 ಅಗಲವಾಗುತ್ತದೆ. ಸ್ಕ್ರೀನಿನ ಅಗಲ ಸುಮಾರು 400. ಅಂದರೆ ಫೋಟೊದ ನಲವತ್ತರಲ್ಲಿ ಒಂದು ಪಾಲು ಕಾಣುತ್ತದೆ, ಅದೂ ಮಂಜು ಮಂಜಾಗಿ. ಯಾವ ವೇಷ, ಯಾವ ದೀಪ ಅಂತ ಗುರುತೇ ಸಿಗುವುದಿಲ್ಲ.

ಹಾಗಾಗಿ ಫೋಟೊವನ್ನು ಪುಟಕ್ಕೆ ಕಟ್ಟಬೇಡಿ, ಸ್ಕ್ರೀನಿಗೆ ಕಟ್ಟಿ. ಪ್ರಸಂಗ ಬೆಳಗಿನವರೆಗೆ ನಡೆದರೂ ರಂಗಸ್ಥಳದ ಹಿಂದಿನ ಪರದೆ ಇದ್ದಷ್ಟೇ ಇರುತ್ತದಲ್ಲ, ಹಾಗೆ. ಸ್ಕ್ರೋಲ್ ಮಾಡಿದರೂ ಹಿನ್ನೆಲೆ ಕದಲದಂತೆ ಮಾಡಲು ಬ್ಯಾಕ್‌ಗ್ರೌಂಡ್-ಅಟ್ಯಾಚ್‌ಮೆಂಟ್ ಫಿಕ್ಸ್ಡ್ ಎಂಬ ಸುಲಭದ ದಾರಿ ಇದೆ, ಆದರೆ ಐಫೋನಿನಲ್ಲಿ ಅದನ್ನು ನಂಬುವಂತಿಲ್ಲ. ಬಾಡಿ ಅಂದರೆ ಪುಟದಲ್ಲಿ ಕಾಣುವುದೆಲ್ಲ ಇರುವ ಟ್ಯಾಗ್; ಅದಕ್ಕೆ ಸಿಎಸ್‌ಎಸ್‌ನಿಂದಲೇ (ಪುಟದ ರೂಪ ಬರೆಯುವ ಭಾಷೆ) ಸೇರಿಸುವ ಬಿಫೋರ್ ಎಂಬ ತುಣುಕಿನಲ್ಲಿ ಫೋಟೊ ಇಡಿ. ಕಂಟೆಂಟ್‌ಗೆ ಖಾಲಿ ಉದ್ಧರಣ ಚಿಹ್ನೆ, ಪೊಸಿಷನ್ ಫಿಕ್ಸ್ಡ್, ಇನ್‌ಸೆಟ್ 0, ಜೆಡ್-ಇಂಡೆಕ್ಸ್ -1 ಕೊಡಿ. ಆಗ ಫೋಟೊ ಸ್ಕ್ರೀನಿನ ತುಂಬ, ಬರಹದ ಹಿಂದೆ ನಿಲ್ಲುತ್ತದೆ. ಡಿವ್‌ನ ಹಳೆಯ ಹಿನ್ನೆಲೆ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಹೊಸದು ಅದರ ಹಿಂದೆ ಅಡಗಿರುತ್ತದೆ. ಬಾಡಿಗೆ ಗಾಢವಾದ ಒಂದು ಬಣ್ಣವನ್ನೂ ಕೊಡಿ. ಬಾಡಿಯ ಹೊರಗಿನ ಎಚ್‌ಟಿಎಮ್‌ಎಲ್ ಟ್ಯಾಗ್‌ಗೆ ಬೇರೆ ಹಿನ್ನೆಲೆ ಇಲ್ಲದಿದ್ದರೆ, ಬಾಡಿಯ ಬಣ್ಣ ಪುಟ ಎಷ್ಟೇ ಚಿಕ್ಕದಾಗಲಿ ಇಡೀ ಸ್ಕ್ರೀನಿಗೆ ಹರಡುತ್ತದೆ. ನೆಟ್ ನಿಧಾನವಾಗಿ ಫೋಟೊ ಬರದಿದ್ದರೂ ನಿಮ್ಮ ಬಿಳಿ ಅಕ್ಷರ ಓದಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ. ಉದ್ದದ ಕಥೆಯ ಹಿಂದೆ ಫೋಟೊ ಇರುವುದೇ ನನಗೆ ಇಷ್ಟವಿಲ್ಲ. ಕನ್ನಡದ ಒತ್ತಕ್ಷರಗಳು ಮೊದಲೇ ಸಣ್ಣವು. ಹಿಂದೆ ಕಿರೀಟ, ಮಣಿಸರಗಳ ಮಿನುಗು ಇದ್ದರೆ ಕಣ್ಣಿಗೆ ತುಂಬಾ ತ್ರಾಸ. ನಿಮ್ಮ ಮೇಳದ ಹಿರಿಯ ಪ್ರೇಕ್ಷಕರೂ ಇದನ್ನು ಓದುವವರು. ಕಥೆಯ ಭಾಗಕ್ಕೆ ಒಂದೇ ಬಣ್ಣದ ಪಟ್ಟಿ ಹಾಕಿ, ಲೈನ್-ಹೈಟ್ (ಸಾಲುಗಳ ನಡುವಿನ ಅಂತರ) 1.7ರಷ್ಟು ಇಡಿ. ಫೋಟೊ ಎರಡು ಬದಿಗಳಲ್ಲಿ ಕಂಡರೆ ಸಾಕು.

ನಾನು ಯಾವ ಸೈಟ್ ಮಾಡಿದರೂ ಮೊದಲು ತೆರೆದು ನೋಡುವುದು ಅತಿ ಚಿಕ್ಕ ಪುಟ ಮತ್ತು ಅತಿ ಉದ್ದದ ಪುಟ. ಮುಖಪುಟ ಆಮೇಲೆ. ನೀವೂ ಸಂಪರ್ಕದ ಪುಟ ಮತ್ತು ನಿಮ್ಮಲ್ಲಿರುವ ಅತಿ ಉದ್ದದ ಪ್ರಸಂಗವನ್ನು ಮೊಬೈಲಿನಲ್ಲಿ ಒಮ್ಮೆ, ದೊಡ್ಡ ಮಾನಿಟರಿನಲ್ಲಿ ಒಮ್ಮೆ ನೋಡಿ. ಆಮೇಲೂ ಎಲ್ಲಾದರೂ ಬಿಳಿ ಇಣುಕಿದರೆ ಆ ಪುಟದ ಸಿಎಸ್‌ಎಸ್ ಸಮೇತ ಬರೆಯಿರಿ.