ಎಲ್ಲವೂ ಸ್ವಲ್ಪ ಸ್ವಲ್ಪ ಇಷ್ಟ, ಯಾವ ಕಾಲೇಜಿಗೆ ಹಾಕಲಿ?

ಪ್ರಶ್ನೆ: ಮೇಡಂ, ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವಳು. ಸರ್ಕಾರಿ ಪಿಯು ಕಾಲೇಜಿನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಓದಿ 86 ಪರ್ಸೆಂಟ್ ತೆಗೆದಿದ್ದೇನೆ. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಬರೆದು ರ್‍ಯಾಂಕ್‌ಗೆ ಕಾಯುತ್ತಿದ್ದೇನೆ. ಇನ್ನೇನು ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಹಾಕುವ ಆಪ್ಷನ್ ಎಂಟ್ರಿ ಶುರುವಾಗುತ್ತದೆ. ಆದರೆ ಏನು ಓದಬೇಕು ಅಂತ ನನಗೇ ಗೊತ್ತಿಲ್ಲ. ಗಣಿತ ಇಷ್ಟ, ಬಯಾಲಜಿ ಇಷ್ಟ, ಕನ್ನಡದಲ್ಲಿ ಪ್ರಬಂಧ ಬರೆಯುವುದೂ ಇಷ್ಟ. ಯಾವುದೂ ಪ್ರಾಣ ಅನ್ನುವಷ್ಟಿಲ್ಲ. ಬೆಂಗಳೂರಿನ ಚಿಕ್ಕಪ್ಪ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಹಾಕಲೇಬೇಡ ಅನ್ನುತ್ತಾರೆ. ಅಪ್ಪ ಕೊಬ್ಬರಿ ಮಾರಿ ಓದಿಸುತ್ತಿರುವವರು. ‘ಎಲ್ಲಿ ಬೇಕಾದರೂ ಸೇರು ಮಗಳೇ, ಆದರೆ ನಡುವೆ ಬಿಟ್ಟು ಬರಬೇಡ’ ಅಂದರು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಫ್ರೆಂಡ್ಸ್‌ಗೆಲ್ಲ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ. ಯಾವ ಕಾಲೇಜುಗಳನ್ನು ಪಟ್ಟಿಗೆ ಹಾಕಲಿ?

ಉತ್ತರ: ಮಗು, ನಿನಗೊಬ್ಬಳಿಗೇ ಗೊತ್ತಿಲ್ಲ ಅನ್ನುವುದನ್ನು ಮೊದಲು ಮನಸ್ಸಿನಿಂದ ತೆಗೆ. ನಾನು 22 ವರ್ಷ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವಳು. ಪ್ರತಿ ವರ್ಷ ಬೇಸಿಗೆಯಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿನ್ನಂಥವರು ನಿಂತಿರುತ್ತಿದ್ದರು. ‘ಗೊತ್ತಿದೆ’ ಅಂದವರನ್ನು ಯಾಕೆ ಅಂತ ಎರಡು ಸಲ ಕೇಳಿದರೆ, ಮೂರನೇ ಸಲಕ್ಕೆ ಮಾವನದ್ದೋ ಅಣ್ಣನದ್ದೋ ಮಾತು ಹೊರಗೆ ಬರುತ್ತಿತ್ತು. 17 ವರ್ಷಕ್ಕೆ ಮೂರು ವಿಷಯ ಇಷ್ಟವಾಗುವುದು ತಪ್ಪಲ್ಲ. ಪಾಠ ಕಿವಿಗೆ ಬಿದ್ದಿದೆ, ಮನಸ್ಸು ತೆರೆದಿದೆ ಅಂತ ಅದರ ಅರ್ಥ.

ವಿಷಯ ಗೊತ್ತಿಲ್ಲದವರು ಕಾಲೇಜು ಹುಡುಕುವ ಬಗೆಯೇ ಬೇರೆ. ಗೊತ್ತಿರುವವರು ‘ಈ ಕೋರ್ಸಿಗೆ ಯಾವ ಕಾಲೇಜು ಚೆನ್ನಾಗಿದೆ’ ಅಂತ ಕೇಳಬಹುದು. ನೀನು ಕೇಳಬೇಕಾದ್ದು ಬೇರೆ. ಇಲ್ಲಿ ಸೇರಿದ ಮೇಲೆ ಎಷ್ಟು ಕಾಲದವರೆಗೆ ನಾನು ಮನಸ್ಸು ಬದಲಾಯಿಸಬಹುದು? ಬದಲಾಯಿಸದೆಯೇ ಎಷ್ಟು ವಿಷಯ ನನ್ನ ಜೊತೆ ಉಳಿಯುತ್ತದೆ? ಈ ಎರಡು ಪ್ರಶ್ನೆ ಹಿಡಿದುಕೊಂಡು ಒಂದೊಂದನ್ನೂ ನೋಡೋಣ.

ಚಿಕ್ಕಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದಾರೆ, ಕೆಲಸ ಸಿಗುವುದನ್ನು ಕಣ್ಣಾರೆ ಕಂಡಿದ್ದಾರೆ. ಆದರೆ ಎಂಜಿನಿಯರಿಂಗ್‌ನಲ್ಲಿ ಯಾವ ಶಾಖೆ ಅನ್ನುವುದು ಸೀಟು ಹಿಡಿಯುವ ದಿನವೇ ತೀರ್ಮಾನವಾಗಿಬಿಡುತ್ತದೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಆಮೇಲೆ ನೋಡಿಕೊಳ್ಳಬಹುದು ಅಂತ ಹಳಬರು ಹೇಳುತ್ತಾರೆ. ಫಿಸಿಕ್ಸ್, ಕೆಮಿಸ್ಟ್ರಿಯನ್ನು ಸೆಮಿಸ್ಟರಿಗೆ ಒಂದರಂತೆ ಓದಿಸುವ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಈಗಲೂ ಇವೆ. ಆದರೆ ರಾಜ್ಯದ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುನ 2022ರ ಪಠ್ಯ ಸ್ಕೀಮ್‌ನಿಂದ ಮೊದಲ ವರ್ಷದ ಗಣಿತ, ಫಿಸಿಕ್ಸ್ ಕೂಡ ಶಾಖೆಯ ಗುಂಪಿಗೆ ತಕ್ಕ ಹಾಗೆ ಬೇರೆ ಬೇರೆ ಆಗಿವೆ. ಮೂರನೇ ಸೆಮಿಸ್ಟರ್‌ಗೆ ಶಾಖೆ ಬದಲಾಯಿಸುವ ಅವಕಾಶ ಉಂಟು, ಅದೂ ಸೀಟು ಖಾಲಿ ಇದ್ದರೆ, ಅಂಕಗಳ ಮೇಲೆ. ಅದನ್ನು ನಂಬಿ ಸೇರಬೇಡ. ಅಲ್ಲದೆ ಎಂಜಿನಿಯರಿಂಗ್ ಹಿಡಿದರೆ ನಿನ್ನ ಬಯಾಲಜಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಕಂಪ್ಯೂಟರ್ ಸೈನ್ಸ್ ಬೇಡ ಅನ್ನುತ್ತಿಲ್ಲ. ರ್‍ಯಾಂಕ್ ಬರುವುದರೊಳಗೆ ಒಂದು ವಾರ ಅದನ್ನು ಮುಟ್ಟಿ ನೋಡು. ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ತಾಣದಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಪುಟ್ಟ ಲೆಕ್ಕವೊಂದನ್ನು ನೀನೇ ಬರೆದು, ತಪ್ಪು ಬಂದಾಗ ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಕೂರು. ಗಂಟೆ ಹೋದದ್ದು ಗೊತ್ತಾಗದಿದ್ದರೆ ಪಟ್ಟಿಯಲ್ಲಿ ಮೇಲೆ ಹಾಕು. ಮೈ ಪರಚಿಕೊಳ್ಳುವಂತಾದರೆ ಚಿಕ್ಕಪ್ಪನಿಗೆ ಅದನ್ನೇ ಹೇಳು.

ನಿನ್ನಂಥವರಿಗಾಗಿಯೇ ಕಟ್ಟಿದ ಹಾಗಿರುವ ಸಂಸ್ಥೆಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ಕೋರ್ಸ್ ಶುರು ಮಾಡಿತು. ನಾಲ್ಕು ವರ್ಷದ ಬಿಎಸ್ಸಿ ರಿಸರ್ಚ್. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಎಲ್ಲವನ್ನೂ ಓದುತ್ತಾರೆ. ಮುಖ್ಯ ವಿಷಯ ಆರಿಸುವುದು ಅದಾದ ಮೇಲೆ. ತಿರುಪತಿ, ತಿರುವನಂತಪುರ, ಪುಣೆಯಂಥ ಏಳು ಊರುಗಳಲ್ಲಿರುವ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳದ್ದೂ ಹೆಚ್ಚುಕಡಿಮೆ ಇದೇ ಮನಸ್ಸು. ಆದರೆ ಇವಕ್ಕೆ ಸಿಇಟಿ ಸಾಲದು, ಬೇರೆ ಪ್ರವೇಶ ಪರೀಕ್ಷೆ ಬರೆದಿರಬೇಕು. ನೀನು ಬರೆದ ಬಗ್ಗೆ ಹೇಳಿಲ್ಲ. ಬರೆದಿದ್ದರೆ ಇವು ನಿನ್ನ ಪಾಲಿಗೆ ಮೊದಲು. ಬರೆದಿಲ್ಲವಾದರೆ ಕೊರಗಬೇಡ, ನಿನ್ನ ತಂಗಿಗೋ ಪಕ್ಕದ ಮನೆ ಹುಡುಗನಿಗೋ ಮುಂದಿನ ವರ್ಷ ಹೇಳು. ನಮ್ಮ ಸರ್ಕಾರಿ ಕಾಲೇಜುಗಳ ಎಷ್ಟೋ ಮಕ್ಕಳಿಗೆ ಈ ಪರೀಕ್ಷೆಯ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಅರ್ಜಿ ಮುಗಿದಿರುತ್ತದೆ. ನನಗೆ ತುಂಬಾ ಸಂಕಟ ಕೊಡುವ ಸಂಗತಿ ಅದು.

ಇನ್ನು ಬಿಎಸ್ಸಿ. ಇದನ್ನು ನೀನು ಕಾಗದದಲ್ಲಿ ಹೆಸರಿಸಿಯೂ ಇಲ್ಲ, ‘ಏನೂ ಸಿಗದವರು ಸೇರುವುದು’ ಅಂತ ಯಾರೋ ತಲೆಗೆ ತುಂಬಿರಬೇಕು. 2024-25ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ, ಮೂರು ವಿಷಯದ ಕಾಂಬಿನೇಷನ್ ವಾಪಸ್ ಬಂದಿದೆ. ತೀರ್ಮಾನ ಮಾಡದವರಿಗೆ ಇದು ಒಳ್ಳೆಯ ಸುದ್ದಿ. ಯಾಕೆಂದರೆ ಎಂಎಸ್ಸಿಗೆ ಹೋಗುವಾಗ ಆ ವಿಷಯವನ್ನು ಡಿಗ್ರಿಯಲ್ಲಿ ಓದಿರಬೇಕು. ಮೂರು ವಿಷಯ ಓದಿದರೆ ಮೂರು ಬಾಗಿಲು.

ಇಲ್ಲಿ ನನ್ನ ಕಥೆ ಹೇಳಬೇಕು. ಗೆಳತಿ ಸೇರಿದಳು ಅಂತ ನಾನೂ ಬಿಎಸ್ಸಿಯಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಸೇರಿದೆ. ಎರಡು ವಾರಕ್ಕೆ ಗಣಿತ ಬಿಟ್ಟದ್ದು ತಪ್ಪಾಯಿತು ಅನ್ನಿಸಿತು. ಪಿಸಿಎಂಗೆ ಬದಲಾಯಿಸಿಕೊಡಿ ಅಂತ ಆಫೀಸಿನ ಕಿಟಕಿ ಮುಂದೆ ಮೂರು ದಿನ ನಿಂತೆ. ‘ಅಡ್ಮಿಷನ್ ಕ್ಲೋಸ್ ಆಯ್ತಮ್ಮ’ ಅಂದರು. ಸೇರುವ ಮುಂಚೆ ಕೊನೆಯ ದಿನ ಯಾವುದು ಅಂತ ಕೇಳುವ ಬುದ್ಧಿ ನನಗಿರಲಿಲ್ಲ. ಗಣಿತ ಅಲ್ಲಿಗೆ ಹೋಯಿತು, ಆ ನೋವು ಇವತ್ತಿಗೂ ಇದೆ. ಆದರೆ ಕೆಮಿಸ್ಟ್ರಿ ಎರಡೂ ಕಾಂಬಿನೇಷನ್‌ನಲ್ಲಿ ಇತ್ತಲ್ಲ, ಅದು ನನ್ನನ್ನು ಕೈಹಿಡಿಯಿತು. ಮೂರನೇ ವರ್ಷದ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ, ಬ್ಯೂರೆಟ್ಟಿನಿಂದ ಕೊನೆಯ ಹನಿ ಬಿದ್ದು ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಣ್ಣ ನಿಂತಾಗ, ಇದನ್ನೇ ಮಾಡುತ್ತಾ ಇರಬೇಕು ಅನ್ನಿಸಿತು. ಆಗ ನನಗೆ 20 ವರ್ಷ.

ಅದಕ್ಕೇ ಹೇಳುವುದು, ಗಣಿತವೂ ಬಯಾಲಜಿಯೂ ಒಟ್ಟಿಗೆ ಇರುವ ಕಾಂಬಿನೇಷನ್ ಡಿಗ್ರಿಯಲ್ಲಿ ಅಪರೂಪ. ಎಲ್ಲಾದರೂ ಸಿಕ್ಕರೆ ಬಿಡಬೇಡ. ಸಿಗದಿದ್ದರೆ ಬಿಟ್ಟ ಮೇಲೆ ವಾಪಸ್ ಹಿಡಿಯಲು ಕಷ್ಟವಾದ ವಿಷಯವನ್ನು ಇಟ್ಟುಕೋ. ನನ್ನ ಅನುಭವದಲ್ಲಿ ಅದು ಗಣಿತ. ಕನ್ನಡ ಬರವಣಿಗೆ ಎಲ್ಲೂ ಹೋಗುವುದಿಲ್ಲ. ಸೈನ್ಸ್ ಓದಿದವರು ಮುಂದೆ ಆರ್ಟ್ಸ್ ಕಡೆ ಬರಬಹುದು, ಆರ್ಟ್ಸ್‌ನಿಂದ ಸೈನ್ಸ್‌ಗೆ ಹೋಗುವುದು ಆಗದ ಮಾತು. ತುಮಕೂರಿನ ಯೂನಿವರ್ಸಿಟಿ ಸೈನ್ಸ್ ಕಾಲೇಜು, ಮೈಸೂರಿನ ಯುವರಾಜ ಕಾಲೇಜು, ಇವೆರಡರ ಕಾಂಬಿನೇಷನ್ ಪಟ್ಟಿ ಮೊದಲು ತರಿಸಿಕೊಂಡು ನೋಡು. ಒಂದು ಎಚ್ಚರಿಕೆ: ಡಿಗ್ರಿ ಕಾಲೇಜಿನ ಕೊನೆಯ ದಿನ ಸಿಇಟಿ ಸೀಟು ಹಂಚಿಕೆಯ ರೌಂಡ್‌ಗಳಿಗೆ ಕಾಯುವುದಿಲ್ಲ. ಅಲ್ಲಿಯೂ ಅರ್ಜಿ ಹಾಕಿರು. ಆಮೇಲೆ ಸಿಇಟಿ ಸೀಟು ಸಿಕ್ಕರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ, ಕಟ್ಟಿದ ಫೀಸ್ ವಾಪಸ್ ಕೊಡುತ್ತಾರಾ ಅಂತ ದುಡ್ಡು ಕಟ್ಟುವ ಮುಂಚೆಯೇ ಕೇಳು.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ನಿನ್ನ ಕಾಗದ ಓದಿದ ತಕ್ಷಣ ನನಗೆ ಹೊಳೆದದ್ದು ಬಿಎಸ್ಸಿ ಕೃಷಿ. ತೋಟದ ಮನೆಯ ಹುಡುಗಿ, ಪಿಸಿಎಂಬಿ ಓದಿದ್ದೀಯ, ಆದರೂ ಆ ಹೆಸರೇ ಬಂದಿಲ್ಲ. ಅದು ನಾಲ್ಕು ವರ್ಷದ ಕೋರ್ಸ್. ಮಣ್ಣು, ಕೀಟ, ಸಸ್ಯರೋಗ, ತಳಿ ಬೆಳೆಸುವುದು, ಕೃಷಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವನ್ನೂ ಓದಿಸುತ್ತಾರೆ. ಒಂದೇ ವಿಷಯ ಆರಿಸಬೇಕಾದ್ದು ಎಂಎಸ್ಸಿಗೆ ಹೋದಾಗ, ಅಂದರೆ ನಾಲ್ಕು ವರ್ಷ ಕಳೆದ ಮೇಲೆ. ಕೃಷಿ ವಿಸ್ತರಣೆ ಅಂತ ಒಂದು ವಿಭಾಗವಿದೆ. ರೈತರಿಗೆ ಅರ್ಥವಾಗುವ ಹಾಗೆ ಹೇಳುವುದು, ಬರೆಯುವುದೇ ಅಲ್ಲಿನ ಕೆಲಸ. ನಿನ್ನ ಪ್ರಬಂಧದ ಕೈಗೆ ಅಲ್ಲಿ ಜಾಗವಿದೆ. ಕೊನೆಯ ವರ್ಷದಲ್ಲಿ ಸ್ವಲ್ಪ ಕಾಲ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ನಿನಗೆ ಹತ್ತಿರದ್ದು ಹಾಸನದ ಕೃಷಿ ಕಾಲೇಜು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಶಿವಮೊಗ್ಗ, ಧಾರವಾಡ, ರಾಯಚೂರು ಆಮೇಲೆ. ಸಿಇಟಿ ಅರ್ಜಿಯಲ್ಲಿ ಕೃಷಿಕರ ಕೋಟಾ ಕೇಳಿದ್ದರೆ ಅದರ ಪ್ರಾಕ್ಟಿಕಲ್ ಪರೀಕ್ಷೆ ತಪ್ಪಿಸಬೇಡ. ಓದಿಗೂ ನಿಮ್ಮ ತೋಟಕ್ಕೂ ಏನು ಸಂಬಂಧ ಅಂತ ನೋಡಬೇಕಿದ್ದರೆ ನಿಮ್ಮ ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಅಪ್ಪನ ಜೊತೆ ಒಂದು ದಿನ ಹೋಗಿ ಅಲ್ಲಿನವರನ್ನು ಮಾತಾಡಿಸು.

ಆಪ್ಷನ್ ಎಂಟ್ರಿಯಲ್ಲಿ ಎಂಜಿನಿಯರಿಂಗ್, ಕೃಷಿ ಎಲ್ಲವೂ ಒಂದೇ ಪಟ್ಟಿಯಲ್ಲಿ ಹಿಂದೆ ಮುಂದೆ ಬರುತ್ತವೆ. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ. ಐದನೆಯದು ಸಿಕ್ಕಿತು ಅಂದರೆ ಆರರಿಂದ ಕೆಳಗಿನದೆಲ್ಲ ಹೋಯಿತು. ಮುಂದಿನ ರೌಂಡಿನಲ್ಲಿ ನೋಡುವುದು ಮೇಲಿನ ನಾಲ್ಕನ್ನು ಮಾತ್ರ. ಆದ್ದರಿಂದ ‘ಇರಲಿ ಬಿಡು’ ಅಂತ ಸುಮ್ನೆ ಒಂದನ್ನೂ ಮೇಲೆ ತುರುಕಬೇಡ. ಸಿಕ್ಕರೆ ಹೋಗುತ್ತೀಯಾ? ಹೌದು ಅಂದರೆ ಹಾಕು. ಯಾವ ಸೀಟು ಬರಬಹುದು ಅಂತ ಮೊದಲೇ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಾಯಿಸಲು ಸಮಯ ಕೊಡುತ್ತಾರೆ. ಆ ದಿನಗಳನ್ನು ಚೆನ್ನಾಗಿ ಬಳಸಿಕೋ. ನಿಜವಾದ ಸೀಟು ಬಂದಾಗ ಅರೆಮನಸ್ಸಿದ್ದರೆ, ಆಗ ಕೊಡುವ ಆಯ್ಕೆಗಳಲ್ಲಿ ಚಾಯ್ಸ್ ಎರಡು ನೋಡು. ಕೈಯಲ್ಲಿರುವ ಸೀಟು ಉಳಿಯುತ್ತದೆ, ಮೇಲಿನದಕ್ಕೂ ಕಾಯಬಹುದು. ಚಾಯ್ಸ್ ಮೂರು ಒತ್ತಿದರೆ ಕೈಯಲ್ಲಿರುವುದನ್ನು ಬಿಟ್ಟ ಹಾಗೆ. ನನ್ನ ಒಬ್ಬ ಹುಡುಗನಿಗೆ ಸೈಬರ್ ಸೆಂಟರ್‌ನವರು ಒಂದು ಕೋರ್ಸ್ ಕೋಡಿನ ಬದಲು ಪಕ್ಕದ ಕೋಡ್ ಹಾಕಿಬಿಟ್ಟಿದ್ದರು. ಪಾಪ, ಅವನಿಗೆ ಗೊತ್ತಾದದ್ದು ಸೀಟು ಬಂದ ಮೇಲೆ. ಪಟ್ಟಿಯನ್ನು ಮನೆಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೋ, ಸೆಂಟರಿಗೆ ಹೋದರೂ ಪಕ್ಕದಲ್ಲೇ ಕೂತು ಒಂದೊಂದು ಕೋಡನ್ನೂ ಓದಿ ಹೇಳು, ಪ್ರಿಂಟ್ ತೆಗೆದುಕೊಂಡು ಬಾ. ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡ.

ಪಟ್ಟಿ ಬರೆಯುವ ಮುಂಚೆ ಎರಡು ಮೂರು ಕಾಲೇಜನ್ನಾದರೂ ಕಣ್ಣಿಂದ ನೋಡಬೇಕು. ಶಕ್ತಿ ಯೋಜನೆಯಲ್ಲಿ ನಿನಗೂ ಅಮ್ಮನಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡಬೇಕಿಲ್ಲ. ಕೆಲಸದ ದಿನವೇ ಹೋಗಿ. ಬ್ರೋಷರ್ ಬೇಡ, ನೋಟಿಸ್ ಬೋರ್ಡ್ ನೋಡು. ಟೈಮ್ ಟೇಬಲ್‌ನಲ್ಲಿ ಪ್ರಾಕ್ಟಿಕಲ್ ಎಷ್ಟಿದೆ, ಲ್ಯಾಬಿನ ಸಿಂಕ್ ಒದ್ದೆಯಿದೆಯಾ ಒಣಗಿ ಧೂಳು ಕೂತಿದೆಯಾ ನೋಡು. ಲೈಬ್ರರಿ ಪುಸ್ತಕದ ಹಿಂದಿನ ಚೀಟಿಯಲ್ಲಿ ಕೊನೆಯ ತಾರೀಕು ಯಾವುದು ನೋಡು. ಎರಡನೇ ವರ್ಷದ ಹುಡುಗಿಯರು ಕ್ಯಾಂಟೀನ್ ಹತ್ತಿರ ಸಿಗುತ್ತಾರೆ. ‘ಅಕ್ಕ, ಪಾಠ ದಿನಾ ನಡೆಯುತ್ತಾ? ವಿಷಯ ಬದಲಾಯಿಸಿಕೊಂಡವರು ಯಾರಾದರೂ ಇದ್ದಾರಾ?’ ಅಂತ ಕೇಳು. ಹಾಸ್ಟೆಲ್ ವಿಚಾರ ಅಮ್ಮ ಕೇಳಲಿ, ಅವರಿಗೆ ಸಮಾಧಾನ ಆಗಬೇಕು.

ಉಳಿದದ್ದು ಅಪ್ಪನ ಮಾತು. ನಿನಗೆ ನಿದ್ದೆ ಕೆಡಿಸಿದ್ದು ಅದೇ ತಾನೆ? ನಡುವೆ ಬಿಟ್ಟು ಬರಬೇಡ ಅಂದದ್ದು ದುಡ್ಡು, ವರ್ಷ ಎರಡೂ ಹಾಳಾದೀತು ಅನ್ನುವ ಹೆದರಿಕೆಗೆ. ನೀನು ಅದನ್ನು ಮನಸ್ಸು ಬದಲಾಯಿಸಬೇಡ ಅಂತ ಕೇಳಿಸಿಕೊಂಡಿದ್ದೀಯ. ಇವೆರಡು ಒಂದೇ ಅಲ್ಲ. ಕೋರ್ಸಿನ ಒಳಗೇ ದಾರಿಗಳಿದ್ದರೆ ಬಿಟ್ಟು ಬರುವ ಪ್ರಮೇಯವೇ ಬರುವುದಿಲ್ಲ. ಅದನ್ನು ಅವರ ಭಾಷೆಯಲ್ಲೇ ಹೇಳು. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೀರಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅಂದ ಮೇಲೆ ತಾನೇ ಸುಲಿಯುವುದು? ಅವಸರಪಟ್ಟು ಮುಂಚೆ ಒಡೆದರೆ ಸಿಗುವುದು ಹಸಿ ಕಾಯಿ. ‘ಅಪ್ಪ, ನನಗೆ ಇನ್ನೂ ಸದ್ದು ಬಂದಿಲ್ಲ, ಅಟ್ಟ ಚೆನ್ನಾಗಿರುವ ಕಡೆ ಹಾಕಿ’ ಅಂತ ಕೇಳಿ ನೋಡು. ನಿಮ್ಮಪ್ಪನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಅಣಕು ಹಂಚಿಕೆ ಬಂದ ದಿನ ನಿನ್ನ ಪಟ್ಟಿಯ ಒಂದು ಪ್ರತಿ ನನಗೂ ಕಳಿಸು. ಪ್ರತಿ ಕಾಲೇಜಿನ ಎದುರು, ಅದನ್ನು ಯಾಕೆ ಅಲ್ಲಿ ಹಾಕಿದೆ ಅಂತ ನಿನ್ನದೇ ಮಾತಿನಲ್ಲಿ ಒಂದು ಸಾಲು ಬರೆದಿರು.